ಮೇರಿ ಮಾತೆಯ ಪಟ ನೋಡುವಾಗ ಮೊದಲು ಹಣೆ ನೋಡಿ

ಹುಬ್ಬಳ್ಳಿಯಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಗೆ ಹೋದರೆ ಲಕ್ಷ್ಮಿ, ಎಲ್ಲಮ್ಮ, ಸಿದ್ಧಾರೂಢರ ನಡುವೆ ಮೇರಿ ಮಾತೆಯ ಪಟವೂ ಒಂದು ಇರುತ್ತದೆ. ಬೆಳ್ಳನೆ ಮುಖ, ಗುಲಾಬಿ ಕೆನ್ನೆ, ನೀಲಿ ಹೊದಿಕೆ. ಅವಳು ಇದ್ದದ್ದೇ ಹೀಗೆ ಅಂತ ನಾನೂ ಬಹಳ ದಿನ ನಂಬಿದ್ದೆ. ಆದರೆ ಅವಳ ರೂಪದ ಬಗ್ಗೆ ಸುವಾರ್ತೆಗಳಲ್ಲಿ, ಅಂದರೆ ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ಪುಸ್ತಕಗಳಲ್ಲಿ, ಒಂದು ಸಾಲೂ ಇಲ್ಲ! ಹಾಗಾಗಿ ಚಿತ್ರಕಾರರು ತಮ್ಮ ಊರಿನವರು ಯಾರನ್ನು ಚೆಲುವೆ ಅಂತಿದ್ದರೋ ಅವಳನ್ನೇ ಬಿಡಿಸಿದರು. ಇದು ನಿಮಗೂ ಕಾಣಬೇಕಾದರೆ ಮೊಬೈಲಿನಲ್ಲಿ ಕೆಲವು ಚಿತ್ರ ಹುಡುಕಿಟ್ಟುಕೊಳ್ಳಿ. ಮುಖ ಆಮೇಲೆ ನೋಡಿದರಾಯಿತು.

ಮೊದಲು ಹಣೆ. ಫ್ರಾನ್ಸಿನ ಜ್ಯಾಂ ಫೂಕೆ 1450ರ ದಶಕದಲ್ಲಿ ಬಿಡಿಸಿದ ಮೇರಿಗೆ ಹಣೆ ಅರ್ಧ ತಲೆಯವರೆಗೂ ಹೋಗಿದೆ, ಯಾಕೆಂದರೆ ಆಗ ಅರಮನೆಯ ಹೆಂಗಸರು ಮುಂದಲೆಯ ಕೂದಲನ್ನು ಕಿತ್ತು ಹಣೆ ದೊಡ್ಡದು ಮಾಡಿಕೊಳ್ಳುತ್ತಿದ್ದರು, ಅದೇ ಆಗಿನ ಫ್ಯಾಷನ್. ಮೈ ಸುಣ್ಣದಷ್ಟು ಬಿಳಿ, ಒಂದು ಎದೆ ಬರಿದು. ಇದು ರಾಜ ಏಳನೇ ಚಾರ್ಲ್ಸ್‌ನ ಪ್ರೇಯಸಿ ಆಗ್ನೆಸ್ ಸೊರೆಲ್‌ಳ ಮುಖ ಎಂದು ಹಳೆಯ ಮಾತಿದೆ. ಚೆಲುವೆ ಅಂದರೆ ಅರಮನೆಯವಳೇ, ಇನ್ಯಾರು ಇರ್ತಾರೆ ಅಲ್ವಾ?

ಕುತ್ತಿಗೆಗೆ ಒಂದೇ ಚಿತ್ರ ಸಾಕು. ಇಟಲಿಯ ಪಾರ್ಮಿಜಾನಿನೋ 1534ರಲ್ಲಿ ಶುರು ಮಾಡಿದ ಮೇರಿಯದು ಹಂಸದ ಕುತ್ತಿಗೆ, ಬೆರಳಂತೂ ಮುಗಿಯುವುದೇ ಇಲ್ಲ. ಕೈ ತಪ್ಪಿದ್ದಲ್ಲ, ಆಗ ನಾಜೂಕು ಅಂದರೆ ಅದೇ.

ಇನ್ನು ಕೂದಲು. ಇದಕ್ಕೆ ಮಾತೆಯನ್ನು ಬಿಟ್ಟು ಇನ್ನೊಬ್ಬ ಮೇರಿ, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಹತ್ತಿರ ಹೋಗಬೇಕು. ಅವಳು ವೇಶ್ಯೆ ಎಂದು ಸುವಾರ್ತೆಗಳು ಹೇಳುವುದಿಲ್ಲ. 591ರಲ್ಲಿ ಪೋಪ್ ಗ್ರೆಗರಿ, ಲೂಕನ ಸುವಾರ್ತೆ ಹೇಳುವ ಪಾಪಿ ಹೆಂಗಸೂ ಇವಳೂ ಒಬ್ಬಳೇ ಎಂದು ಬೋಧಿಸಿದರು, ಪಶ್ಚಾತ್ತಾಪ ಪಡುವ ಚೆಲುವೆಯನ್ನು ಬಿಡಿಸಲು ಚಿತ್ರಕಾರರಿಗೆ ಅಷ್ಟೇ ಬೇಕಿತ್ತು. 1530ರ ದಶಕದಲ್ಲಿ ಟಿಷಿಯನ್ ಬಿಡಿಸಿದವಳಿಗೆ ಮೈಮೇಲೆ ಬಟ್ಟೆಯಿಲ್ಲ, ಹೊಂಬಣ್ಣದ ಕೂದಲಿದೆ, ಅದೂ ಮುಚ್ಚಬೇಕಾದಲ್ಲಿ ಮುಚ್ಚಿಲ್ಲ. ಅದಕ್ಕೂ ಮೊದಲು ಶಿಲ್ಪಿ ದೊನತೆಲ್ಲೋ ಮರದಲ್ಲಿ ಕೆತ್ತಿದವಳನ್ನು ನೋಡಿ: ಕೆನ್ನೆ ಒಳಗೆ ಹೋಗಿದೆ, ಹಲ್ಲು ಉದುರಿವೆ, ಕೂದಲೇ ಬಟ್ಟೆ. ಪಶ್ಚಾತ್ತಾಪ ನನಗೆ ಕಂಡದ್ದು ಈ ಮರದವಳಲ್ಲಿ.

ಕಾಲನ್ನೂ ಮರೆಯಬೇಡಿ. ಕರವಾಜ್ಜೋ ಸುಮಾರು 1606ರಲ್ಲಿ ಸತ್ತ ಮೇರಿ ಮಾತೆಯನ್ನು ಬಿಡಿಸಿದ. ಊದಿದ ಹೊಟ್ಟೆ, ಬರಿಗಾಲು, ಥೇಟ್ ನಮ್ಮ ಓಣಿಯ ಸಾವಿನ ಮನೆ. ಯಾವ ಚರ್ಚಿಗೆಂದು ಮಾಡಿಸಿದ್ದರೋ ಆ ಚರ್ಚಿನವರೇ ಬೇಡ ಅಂದರು. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ.

ಕಣ್ಣು ಪಳಗಬೇಕಾದರೆ ಒಂದು ಭಾನುವಾರ ಗದಗ ಹತ್ತಿರದ ಲಕ್ಕುಂಡಿಗೆ ಹೋಗಿ ಬನ್ನಿ, ಅಲ್ಲಿನ ಗುಡಿಗಳ ಕಲ್ಲಿನ ಹೆಣ್ಣುಗಳನ್ನು ಮನೆಯ ಕ್ಯಾಲೆಂಡರ್ ಲಕ್ಷ್ಮಿಯ ಜೊತೆ ಹೋಲಿಸಿ. ಸೊಂಟ ನೋಡಿದರೆ ಸಾಕು. ಹತ್ತಿರದಲ್ಲೇ ಹಳೆಯ ಮೇರಿ ಮೂರ್ತಿ ಸಿಗಬಹುದೇ ಅಂದರೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು, ಆದರೆ ಅವರು ಪ್ರೊಟೆಸ್ಟೆಂಟರು, ಮೇರಿಯ ಮೂರ್ತಿ ಇಟ್ಟು ಪೂಜಿಸುವವರಲ್ಲ. ಆ ಕಡೆ ಹುಡುಕಬೇಡಿ.

ಕೊನೆಗೆ ಮೈಬಣ್ಣ. ಗೋವಾದ ಚಿತ್ರಕಾರ ಆಂಜೆಲೋ ಡ ಫೊನ್ಸೇಕಾ (1902–1967) ಕಂದು ಮೈಯ ಮೇರಿಗೆ ಸೀರೆ ಉಡಿಸಿದರು, ಅದಕ್ಕೆ ಸ್ವಂತ ಊರಲ್ಲೇ ಬೈಸಿಕೊಂಡರು. ಈಗ ಕಟ್ಟಿನ ಅಂಗಡಿಗೆ ವಾಪಸ್ ಹೋಗಿ, ಸೀರೆ ಉಟ್ಟ ಮೇರಿ ಇದೆಯಾ ಕೇಳಿ. ತಮಿಳುನಾಡಿನ ವೇಲಾಂಕಣ್ಣಿ ಮಾತೆಯ ಪಟ ಕೊಡುತ್ತಾರೆ. ಜರಿ ಸೀರೆ ನಮ್ಮ ಕಡೆಯದೇ. ಕೆನ್ನೆಯ ಬಣ್ಣ ನೋಡಿ ಹೇಳಿ.