ಹೈಸ್ಕೂಲು ಹೋಂವರ್ಕ್: ಯಾರ ಪಾಲು ಎಷ್ಟು?

ನೋಟ್‌ಬುಕ್ ತಿದ್ದಿ ತಿದ್ದಿ ಮೇಷ್ಟ್ರುಗಳಿಗೆ ಒಂದು ವಿದ್ಯೆ ತಾನಾಗಿ ಬಂದುಬಿಡುತ್ತದೆ. ಯಾವ ಸಾಲು ಹುಡುಗನದು, ಯಾವುದು ಅವರಪ್ಪನದು, ಯಾವುದು ಟ್ಯೂಷನ್ನಿನಲ್ಲಿ ಬರೆಸಿದ್ದು ಎಂದು ನೋಡುತ್ತಲೇ ಗೊತ್ತಾಗುತ್ತದೆ. ಗಣಿತ ಕಲಿಸುವ ನನ್ನ ಮೇಜಿಗೆ ಬರುವ ಎಷ್ಟೋ ಪುಸ್ತಕಗಳಲ್ಲಿ ಹೋಂವರ್ಕ್‌ಗೆ ತಪ್ಪೇ ಇರುವುದಿಲ್ಲ. ಅದೇ ಲೆಕ್ಕ ಟೆಸ್ಟಿಗೆ ಕೊಟ್ಟರೆ ಹಾಳೆ ಖಾಲಿ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿರುವ ಮನೆಯವರು ಹೀಗೆ ಮಾಡಿ ನೋಡಿ.

1. ಏನು ಕೊಟ್ಟಿದ್ದಾರೆಂದು ಮಗುವೇ ಬರೆದುಕೊಂಡು ಬರಬೇಕು. ಡೈರಿ ಇಲ್ಲದಿದ್ದರೆ ರಫ್ ಬುಕ್ಕಿನ ಕೊನೆ ಪುಟ ಸಾಕು. ರಾತ್ರಿ ಒಂಬತ್ತಕ್ಕೆ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಇವತ್ತು ಸೈನ್ಸ್‌ಗೆ ಏನ್ ಕೊಟ್ಟಿದಾರೆ?’ ಎಂದು ವಿಚಾರಿಸುವ ಕೆಲಸ ದಯವಿಟ್ಟು ನಿಲ್ಲಿಸಿ. ಮರೆತು ಹೋಗಿ ಒಂದೆರಡು ಸಲ ಬೈಸಿಕೊಳ್ಳಲಿ, ಬರೆದುಕೊಳ್ಳುವುದು ರೂಢಿಯಾಗುತ್ತದೆ.

2. ಹೊತ್ತು ಗೊತ್ತುಮಾಡಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಹೋಂವರ್ಕ್‌ಗೂ ಮಿತಿ ಇದೆ: 6ರಿಂದ 8ನೇ ತರಗತಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, 9ರಿಂದ ಮೇಲಕ್ಕೆ 2 ಗಂಟೆ. ಇದು ಎಲ್ಲ ವಿಷಯ ಸೇರಿ. ನಮ್ಮಲ್ಲಿ ಆರೂ ವಿಷಯದವರು ‘ಅರ್ಧ ಗಂಟೆ ಕೆಲಸ ಅಷ್ಟೇ’ ಎಂದು ಕೊಟ್ಟರೆ ಮೂರು ಗಂಟೆ ಆಯಿತಲ್ಲ! ಯಾವ ವಾರ ಯಾವ ವಿಷಯ ಎಂದು ಸ್ಟಾಫ್ ರೂಮಿನಲ್ಲೇ ಹಂಚಿಕೊಳ್ಳುವುದು ಶಾಲೆಯ ಪಾಲು. ಮನೆಯವರ ಪಾಲು ಆ ಹೊತ್ತನ್ನು ಬಿಟ್ಟುಕೊಡುವುದು. ಸಂಜೆ ಆರೂವರೆಗೆ ಬಸ್ಸಿಳಿದು ಬಂದ ಹುಡುಗಿಗೆ ಪಾತ್ರೆ, ನೀರು, ತಮ್ಮನ ಊಟ ಎಲ್ಲ ವಹಿಸಿ, ಹತ್ತು ಗಂಟೆಗೆ ‘ಬರೆದ್ಯೇನೇ?’ ಎಂದು ಕೇಳಿದರೆ ಅವಳು ಏನು ಬರೆದಾಳು?

3. ಟೀವಿ ಆಫ್, ಮೊಬೈಲ್ ಬೇರೆ ಕೋಣೆಯಲ್ಲಿ. ಮೇಜು ಕುರ್ಚಿ ಇಲ್ಲದಿದ್ದರೂ ನಡೆಯುತ್ತದೆ.

4. ಎಲ್ಲರೂ ಎಡವುವುದು ಇಲ್ಲಿ. ಮಗು ‘ಬರ್ತಿಲ್ಲ’ ಎಂದಾಗ ಏನು ಮಾಡಬೇಕು? ಮೊದಲನೆಯದಾಗಿ, ಪೆನ್ನು ಮುಟ್ಟಬೇಡಿ. ಪೆನ್ನು ಒಮ್ಮೆ ನಿಮ್ಮ ಕೈಗೆ ಬಂತೆಂದರೆ ಲೆಕ್ಕ ನಿಮ್ಮದಾಯಿತು.

ಹತ್ತನೇ ತರಗತಿಯ ಸಮಾಂತರ ಶ್ರೇಢಿಯ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಲೆಕ್ಕವೊಂದನ್ನು ತೆಗೆದುಕೊಳ್ಳಿ. 3ರಿಂದ ಭಾಗವಾಗುವ ಎರಡಂಕಿಯ ಸಂಖ್ಯೆಗಳು ಎಷ್ಟು? ಮೊದಲನೆಯದು 12, ಕೊನೆಯದು 99. ಹುಡುಗ 99ರಲ್ಲಿ 12 ಕಳೆದು, 87ನ್ನು 3ರಿಂದ ಭಾಗಿಸಿ, 29 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಪುಸ್ತಕದ ಹಿಂದೆ ಉತ್ತರ 30. ಆಗ ಅಪ್ಪ ‘1 ಕೂಡಿಸೋದು ಬಿಟ್ಟಿದ್ದೀಯಲ್ಲೋ’ ಅಂದರೆ ಕಲಿಯುವುದು ಅಲ್ಲಿಗೆ ಮುಗಿಯಿತು. ಅದರ ಬದಲು, ‘12ರಿಂದ 21ರವರೆಗೆ ಮಾತ್ರ ಬೆರಳಲ್ಲಿ ಎಣಿಸಿ ಹೇಳು’ ಅನ್ನಿ. 12, 15, 18, 21: ನಾಲ್ಕು. ಅವನ ದಾರಿಯಲ್ಲಿ ಹೋದರೆ 9 ಭಾಗಿಸು 3, ಅಂದರೆ ಮೂರೇ ಬರುತ್ತದೆ. ಒಂದು ಎಲ್ಲಿ ಹೋಯಿತು? ಹುಡುಕುವವನು ಅವನೇ ಆಗಿರಲಿ. 12 ದಾಟಿ ಎಷ್ಟು ಸಲ ಮೂರು ಮೂರು ಹಾರಿದೆವು ಎಂದಷ್ಟೇ ತಾನು ಲೆಕ್ಕ ಹಾಕಿದ್ದು, 12ನ್ನೇ ಎಣಿಸಲಿಲ್ಲ ಎಂದು ಹೊಳೆಯಿತೆಂದರೆ ಸೂತ್ರದಲ್ಲಿ ಆ 1 ಯಾಕಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

‘ನಮಗೇ ಗಣಿತ ಬರಲ್ಲ ಸಾರ್’ ಅನ್ನುವವರಿಗೂ ಮೂರು ಪ್ರಶ್ನೆ ಸಾಕು: ಏನು ಕೊಟ್ಟಿದ್ದಾರೆ? ಏನು ಕೇಳಿದ್ದಾರೆ? ಇಂಥದ್ದೇ ಲೆಕ್ಕ ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದಾರಾ? ಓದು ಬಾರದ ತಾಯಿಯೂ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಇಷ್ಟನ್ನು ಕೇಳಬಹುದು. ಕಾಲು ಗಂಟೆಯಾದರೂ ದಾರಿ ಕಾಣದಿದ್ದರೆ ಬಿಟ್ಟುಬಿಡಿ. ‘ಇಲ್ಲಿಯವರೆಗೆ ಬಂತು, ಮುಂದೆ ತಿಳಿಯಲಿಲ್ಲ’ ಎಂದು ಮಗುವೇ ಬರೆಯಲಿ. ಯಾರೋ ಬಿಡಿಸಿಕೊಟ್ಟ ಲೆಕ್ಕಕ್ಕಿಂತ ಆ ಅರ್ಧ ಪುಟ ನಮಗೆ ಹೆಚ್ಚು ಉಪಯೋಗ. ನಾಳೆ ಪಾಠ ಎಲ್ಲಿಂದ ಶುರುಮಾಡಬೇಕೆಂದು ಅದರಲ್ಲೇ ಗೊತ್ತಾಗುತ್ತದೆ.

5. ಗೈಡ್ ಕೊಡಿಸಬೇಡಿ. ಅದರಿಂದ ಇಳಿಸಿದ ಉತ್ತರ ಎಷ್ಟು ಸಲೀಸಾಗಿ ಸಿಕ್ಕಿಬೀಳುತ್ತದೆಂದರೆ, ಮುದ್ರಣದ ತಪ್ಪು ಕೂಡ ಮೂವತ್ತು ಪುಸ್ತಕದಲ್ಲಿ ಒಂದೇ ಥರ ಇರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳದೂ ಇದೇ ಕತೆ. ಇನ್ನು ಪ್ರಾಜೆಕ್ಟ್. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125ರಲ್ಲಿ 25, ಉಳಿದವಕ್ಕೆ 100ರಲ್ಲಿ 20 ಆಂತರಿಕ ಅಂಕ. ಅದಕ್ಕೆಂದೇ ಸ್ಟೇಷನರಿ ಅಂಗಡಿಗಳಲ್ಲಿ ರೆಡಿಮೇಡ್ ಥರ್ಮಾಕೋಲ್ ಜ್ವಾಲಾಮುಖಿ ಮಾರುತ್ತಾರೆ. ದುಡ್ಡು ದಂಡ. ಒಂದು ಡ್ರಾಯಿಂಗ್ ಹಾಳೆ, ಮಗುವಿನದೇ ಸೊಟ್ಟ ಅಕ್ಷರ ಸಾಕು. ಮಿಂಚು ಹಚ್ಚಿದ್ದಕ್ಕೆ ಹೆಚ್ಚು ಅಂಕ ಕೊಡುವ ನಮ್ಮವರದೂ ಇದರಲ್ಲಿ ತಪ್ಪಿದೆ.

6. ಕೊಟ್ಟವರು ನೋಡಲೇಬೇಕು. ಇಪ್ಪತ್ತು ಲೆಕ್ಕ ಕೊಟ್ಟು ಬರೀ ಸಹಿ ಹಾಕುವುದಕ್ಕಿಂತ ಐದು ಕೊಟ್ಟು ಸಾಲು ಸಾಲು ತಿದ್ದುವುದು ಮೇಲು. ಮಾಡದೆ ಬಂದವರನ್ನು ಬಾಗಿಲಾಚೆ ನಿಲ್ಲಿಸಿದರೆ ಅವತ್ತಿನ ಪಾಠವೂ ಹೋಯಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಆ ಕಾಯ್ದೆ 14 ವರ್ಷದವರೆಗೆ ತಾನೇ’ ಎಂದು ವಾದಿಸುವ ಮೇಷ್ಟ್ರುಗಳ ಜೊತೆ ನನಗೆ ಮಾತು ಬೇಡ. ಮನೆಯಲ್ಲಿ ಜ್ವರವೋ ಜಾತ್ರೆಯೋ ಇದ್ದು ಆಗದಿದ್ದರೆ ಡೈರಿಯಲ್ಲಿ ಎರಡು ಸಾಲು ನಿಜ ಬರೆದು ಕಳಿಸಿ. ಜಾತ್ರೆಗೆ ಹೋಗಿದ್ದಕ್ಕೆ ಜ್ವರ ಎಂದು ಬರೆಯಬೇಡಿ, ಮಗು ಬಂದ ತಕ್ಷಣ ತೇರಿನ ಕತೆ ಹೇಳಿಬಿಡುತ್ತದೆ.