ಒಣಗಿದ ಶಿಂಗಲ್ಸ್‌ಗೆ ಹೊಂಗೆ ಎಣ್ಣೆಯ ಎಸ್ಟರ್: ನನ್ನ ಅನುಭವ

ಹತ್ತು ಹದಿನೈದು ವರ್ಷಗಳ ಹಿಂದೆ ಹುಬ್ಬಳ್ಳಿ-ಧಾರವಾಡದ ಬಂಗಲೆಗಳ ಇಳಿಜಾರು ಆರ್‌ಸಿಸಿ ಮೇಲೆ ಕೂರಿಸಿದ ಡಾಂಬರು ಶಿಂಗಲ್ಸ್ (ಗಾಜಿನ ನಾರಿನ ಹಾಳೆಗೆ ಡಾಂಬರು ಹಚ್ಚಿ, ಮೇಲೆ ಬಣ್ಣದ ಹರಳು ಕೂರಿಸಿದ ಛಾವಣಿಯ ಹಾಸು) ಈಗ ಒಂದೊಂದೇ ಕಡೆ ಕೈಕೊಡುತ್ತಿವೆ. ಸಪ್ತಾಪುರವಿರಲಿ, ಕೇಶ್ವಾಪುರವಿರಲಿ, ಲಕ್ಷಣಗಳು ಅವೇ. ಮಳೆನೀರಿನ ದೋಣಿಯಲ್ಲಿ ಬಣ್ಣದ ಹರಳು ತುಂಬುತ್ತದೆ, ಅಂಚುಗಳು ಮೇಲಕ್ಕೇಳುತ್ತವೆ, ತುಂಡೊಂದನ್ನು ತೆಗೆದು ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಇದನ್ನು ಕಿತ್ತು ಹೊಸದು ಹಾಕುವುದೊಂದೇ ದಾರಿ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಹಳೆಯದಕ್ಕೇ ಮತ್ತೆ ಮೆದುತನ ತರಬಹುದೆಂದು ನಾನು ಹೇಳಿದಾಗ ಧಾರವಾಡದ ಹಿರಿಯ ಗುತ್ತಿಗೆದಾರರೊಬ್ಬರು, "ಎಣ್ಣಿ ಹಚ್ಚಿದ್ರ ಡಾಂಬರ ಕರಗತೈತಿ ತಮ್ಮಾ, ಬಾಳಿಕಿ ಬರೂದಿಲ್ಲ" ಎಂದು ನಕ್ಕಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ಸುಳ್ಳು ಮಾಡಲು ನನಗೆ ಹಲವು ಬೇಸಿಗೆಗಳೂ ಒಂದೂವರೆ ಲಕ್ಷದಷ್ಟು ಹಣವೂ ಹಿಡಿದವು.

ಸೀಮೆಎಣ್ಣೆ, ಡೀಸೆಲ್‌ಗಳಿಂದಲೇ ಎಲ್ಲರೂ ಶುರು ಮಾಡುತ್ತಾರೆ. ನನ್ನ ಶೆಡ್ಡಿನ ಹಲಗೆಗಳ ಮೇಲೆಯೂ ಮೊದಲು ಬಿದ್ದದ್ದು ಅವೇ. ಸೀಮೆಎಣ್ಣೆ ಹಚ್ಚಿದ ದಿನ ಶಿಂಗಲ್ಸ್ ಚರ್ಮದಷ್ಟು ಮೆತ್ತಗಾಯಿತು, ವಾರ ಕಳೆಯುವಷ್ಟರಲ್ಲಿ ಎಣ್ಣೆ ಆರಿಹೋಗಿ ಮೊದಲಿನಂತೆಯೇ ಗಡುಸಾಯಿತು, ಜೊತೆಗೆ ಹರಳುಗಳ ಹಿಡಿತವೂ ಸಡಿಲವಾಗಿ ಪೊರಕೆ ಆಡಿಸಿದರೆ ಉದುರತೊಡಗಿತು. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಆರಿಹೋಗಲಿಲ್ಲ, ಆದರೆ ಅದು ಒಳಗೂ ನಿಲ್ಲಲಿಲ್ಲ. ಅದರಲ್ಲಿರುವ ಪ್ಯಾರಾಫಿನ್ ಜಾತಿಯ ಎಣ್ಣೆಗೆ ಡಾಂಬರಿನ ಗಟ್ಟಿ ಅಂಶವಾದ ಆಸ್ಫಾಲ್ಟೀನ್‌ನ ಮುದ್ದೆಗಳನ್ನು ಬಿಡಿಸುವ ಗುಣವಿಲ್ಲ. ಬದಲಾಗಿ ಅವು ಇನ್ನಷ್ಟು ಒತ್ತೊತ್ತಾಗಿ ಕೂಡಿಕೊಂಡು ಎಣ್ಣೆಯನ್ನು ಹೊರಗೆ ತಳ್ಳುತ್ತವೆ. ಏಪ್ರಿಲ್ ಬಿಸಿಲಿಗೆ ಆ ಎಣ್ಣೆ ಪರಿಚಿತರೊಬ್ಬರ ಗ್ಯಾರೇಜಿನ ಗೋಡೆಯ ಮೇಲೆ ಕಂದು ಗೆರೆಗಳಾಗಿ ಇಳಿಯಿತು. ಆ ಗೋಡೆಗೆ ಮತ್ತೆ ಬಣ್ಣ ಹೊಡೆಸಿಕೊಟ್ಟ ಖರ್ಚೇ ಸುಮಾರು ಹನ್ನೆರಡು ಸಾವಿರ.

ಇಲ್ಲಿ ರಸ್ತೆ ಕೆಲಸದವರ ಪಾಠ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ರಸ್ತೆಗೆ ಹಾಕುವ ವಿಜಿ-30 ದರ್ಜೆಯ ಡಾಂಬರಿನ ಮೃದುಬಿಂದು (ಅದು ಮೆತ್ತಗಾಗುವ ತಾಪ) ಕನಿಷ್ಠ 47 ಡಿಗ್ರಿ ಇದ್ದರೆ ಸಾಕು. ಶಿಂಗಲ್ಸ್‌ಗೆ ಬಳಸುವುದು ಬಿಸಿ ಡಾಂಬರಿನೊಳಗೆ ಗಾಳಿ ಊದಿ ಗಟ್ಟಿ ಮಾಡಿದ ಸರಕು. ನಾವು ತಾರಸಿಗೆ ಬಳಸುವ 85/25, 90/15 ದರ್ಜೆಗಳ (ಮೊದಲ ಅಂಕಿ ಮೃದುಬಿಂದು, ಎರಡನೆಯದು ಸೂಜಿ ಇಳಿಯುವ ಅಳತೆ) ದಾಯಾದಿ. ಅಂದರೆ ಕಾರ್ಖಾನೆಯಿಂದ ಹೊರಬರುವಾಗಲೇ ಅದು ಅರ್ಧ ವಯಸ್ಸಾದ ಡಾಂಬರು. ಆಮೇಲೆ ಬಿಸಿಲೂ ಆಮ್ಲಜನಕವೂ ಅದರ ಆರೊಮ್ಯಾಟಿಕ್ ಎಣ್ಣೆಯ ಭಾಗವನ್ನು ಅಂಟಂಟಾದ ರೆಸಿನ್ ಆಗಿಯೂ ರೆಸಿನ್ನನ್ನು ಆಸ್ಫಾಲ್ಟೀನ್ ಆಗಿಯೂ ಬದಲಿಸುತ್ತ ಹೋಗುತ್ತವೆ. ನಾವು ಏನೇ ಹಚ್ಚಿದರೂ ಒಮ್ಮೆ ಆದ ಆಕ್ಸಿಡೀಕರಣ ಹಿಂದಕ್ಕೆ ಹೋಗುವುದಿಲ್ಲ. ಕಳೆದುಹೋದ ಎಣ್ಣೆಯ ಜಾಗದಲ್ಲಿ ಆಸ್ಫಾಲ್ಟೀನ್‌ಗಳನ್ನು ಬಿಡಿಬಿಡಿಯಾಗಿ ಇಡಬಲ್ಲ ಬೇರೊಂದು ದ್ರವವನ್ನು ಕೂರಿಸಬಹುದು, ಅಷ್ಟೇ. ಅದೂ ಅಳತೆ ಮೀರಬಾರದು, ಏಕೆಂದರೆ ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಕಪ್ಪು ಛಾವಣಿಯ ಮೈ 70 ಡಿಗ್ರಿಯ ಹತ್ತಿರ ಹೋಗುತ್ತದೆ. ಡಾಂಬರಿನ ಮೃದುಬಿಂದು ಅದರ ಸಮೀಪಕ್ಕೆ ಇಳಿದರೆ ಹಿರಿಯರು ಹೇಳಿದಂತೆ ಅದು ಕರಗಿಯೇ ತೀರುತ್ತದೆ.

ಅಮೆರಿಕದ ಒಹಾಯೊದಲ್ಲಿರುವ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಇದಕ್ಕಾಗಿ ಸೋಯಾ ಎಣ್ಣೆಯ ಮಿಥೈಲ್ ಎಸ್ಟರ್ (ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ ಮಾಡಿದ ತೆಳು ದ್ರವ, ಬಯೋಡೀಸೆಲ್ ಎನ್ನುವುದೂ ಇದನ್ನೇ) ಬಳಸುವ ವಿಧಾನವನ್ನು ರೂಪಿಸಿದೆ. ಎಸ್ಟರ್ ತೆಳುವಾಗಿರುವುದರಿಂದ ಒಳಗೆ ಇಳಿಯುತ್ತದೆ, ಸೀಮೆಎಣ್ಣೆಯಂತೆ ಹಾರಿಹೋಗುವುದಿಲ್ಲ, ಅಣುವಿನ ಒಂದು ತುದಿಯಲ್ಲಿ ಸ್ವಲ್ಪ ಧ್ರುವೀಯ ಗುಣವಿರುವುದರಿಂದ ಆಸ್ಫಾಲ್ಟೀನ್ ಜೊತೆಗೂ ಹೊಂದಿಕೊಳ್ಳುತ್ತದೆ. ಸಿದ್ಧ ದ್ರಾವಣವನ್ನು ತರಿಸುವ ದರ ಕೇಳಿದ ಮೇಲೆ ನಮ್ಮ ಎಣ್ಣೆಗಳಲ್ಲೇ ಹುಡುಕುವುದು ಲೇಸೆನಿಸಿತು.

ಗದಗಿನ ಕಡೆ ಸುಲಭವಾಗಿ ಸಿಗುವ ಕುಸುಬೆ ಎಣ್ಣೆಯನ್ನು ಹಾಗೆಯೇ ಹಚ್ಚಿ ನೋಡಿದೆ. ಅದರಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಆಮ್ಲಜನಕ ಸುಲಭವಾಗಿ ಹಿಡಿಯುವ ದ್ವಿಬಂಧಗಳು ಎರಡೆರಡಿರುವ ಆ ಎಣ್ಣೆ ಗಾಳಿಗೆ ಗಟ್ಟಿಯಾಗಿ ವಾರ್ನಿಷಿನಂತಹ ಪೊರೆಯಾಯಿತು, ಪೊರೆಯ ಕೆಳಗಿನ ಡಾಂಬರು ಇದ್ದಂತೆಯೇ ಇತ್ತು. ಅಗಸೆ ಎಣ್ಣೆ ಇದಕ್ಕಿಂತ ಬೇಗ ಪೊರೆ ಕಟ್ಟಿತು, ಬಣ್ಣದ ಕೆಲಸದವರಿಗೆ ಅದು ಹೊಸ ವಿಷಯವೇನಲ್ಲ. ಔಡಲ ಎಣ್ಣೆ ಪೊರೆ ಕಟ್ಟಲಿಲ್ಲವಾದರೂ ಅಷ್ಟು ಮಂದವಾದದ್ದು ಒಳಗಿಳಿಯದೆ, ಧೂಳು ಹಿಡಿದುಕೊಂಡು ಮೇಲೆಯೇ ಕುಳಿತಿತು. ಹೊಂಗೆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಒಂದೇ ದ್ವಿಬಂಧದ ಓಲಿಕ್ ಆಮ್ಲ, ಆದ್ದರಿಂದ ಅದು ಸೋಯಾಕ್ಕಿಂತಲೂ ನಿಧಾನವಾಗಿ ಆಕ್ಸಿಡೀಕರಣಗೊಳ್ಳಬೇಕು ಎಂಬುದು ನನ್ನ ಲೆಕ್ಕವಾಗಿತ್ತು. ಎಣ್ಣೆಯನ್ನು ಎಸ್ಟರ್ ಮಾಡಿಸಿ ಹಚ್ಚಿದ ಮೊದಲ ಹಲಗೆಯಲ್ಲೇ ಲೆಕ್ಕ ಸರಿಯೆಂದು ಗೊತ್ತಾಯಿತು. ಹದಿನಾಲ್ಕು ವರ್ಷದ ಹಳೆಯ ತುಂಡು ಒಂದೂವರೆ ಇಂಚಿನ ಪಿವಿಸಿ ಪೈಪಿನ ಸುತ್ತ ಬಿರುಕಿಲ್ಲದೆ ಬಾಗಿತು, ತಿಂಗಳು ಬಿಸಿಲಿನಲ್ಲಿಟ್ಟ ಮೇಲೂ ಬಾಗಿತು.

ಎಸ್ಟರ್ ತಯಾರಿಸುವ ಗೊಡವೆಗೆ ನಾನು ಹೋಗುವುದಿಲ್ಲ. ಮೆಥನಾಲ್ ವಿಷಕಾರಿ, ಅದನ್ನು ದಾಸ್ತಾನು ಮಾಡಲು ಪರವಾನಗಿಯೂ ಬೇಕು. ಹಾವೇರಿ ಜಿಲ್ಲೆಯ ಒಂದು ಸಣ್ಣ ಬಯೋಡೀಸೆಲ್ ಘಟಕದಿಂದ ಲೀಟರಿಗೆ ನೂರಮೂವತ್ತು, ನೂರನಲವತ್ತರಂತೆ ಕೊಳ್ಳುತ್ತೇನೆ. ಕೊಳ್ಳುವವರು ಕಣ್ಣು ಮುಚ್ಚಿ ಕೊಳ್ಳಬಾರದು. ಹೊಂಗೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚು. ಮೊದಲು ಆಮ್ಲ ಸೇರಿಸಿ ಅದನ್ನು ಎಸ್ಟರ್ ಮಾಡುವ ಹಂತವಿಲ್ಲದೆ ನೇರವಾಗಿ ಕ್ಷಾರ ಹಾಕಿದರೆ ಸಾಬೂನಾಗುತ್ತದೆ, ಆ ಸಾಬೂನು ಎಸ್ಟರಿನಲ್ಲಿ ಉಳಿದರೆ ಮೊದಲ ಮಳೆಗೆ ಡಾಂಬರನ್ನೇ ನೀರಿನೊಡನೆ ಕಲಸಿ ಕಂದು ಹಾಲಿನಂತೆ ಹರಿಸುತ್ತದೆ. ಆದ್ದರಿಂದ ಪ್ರತಿ ಡ್ರಮ್ಮಿನಿಂದ ಒಂದು ಸಣ್ಣ ಬಾಟಲಿಗೆ ಅರ್ಧ ಎಸ್ಟರ್, ಅರ್ಧ ನೀರು ಹಾಕಿ ಜೋರಾಗಿ ಕುಲುಕಿ ಇಡುತ್ತೇನೆ. ಅರ್ಧ ಗಂಟೆಯೊಳಗೆ ಎರಡೂ ಬೇರೆಯಾಗಿ, ಮಧ್ಯದ ಗೆರೆ ಚೊಕ್ಕವಾಗಿ ಕಾಣಬೇಕು. ನಡುವೆ ಬಿಳಿ ಕೆನೆ ನಿಂತರೆ ಆ ಡ್ರಮ್ಮು ವಾಪಸು. ಎಸ್ಟರ್ ಪೂರ್ತಿ ಆಗಿದೆಯೇ ಎಂದು ನೋಡಲು 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಎಸ್ಟರ್ ಬೆರೆಸಿಡುವ ಹಳೆಯ ಪರೀಕ್ಷೆಯೇ ಸಾಕು, ಇದನ್ನು ಘಟಕದಲ್ಲೇ ನನ್ನೆದುರು ಮಾಡಿಸುತ್ತೇನೆ. ತಳದಲ್ಲಿ ಎಣ್ಣೆಯ ಹನಿ ಕುಳಿತರೆ ಎಣ್ಣೆ ಹಾಗೆಯೇ ಉಳಿದಿದೆ ಎಂದರ್ಥ.

ಪ್ರಮಾಣ ಕಂಡುಕೊಳ್ಳಲು ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಬೇರೆ ಬೇರೆ ಮನೆಗಳ ತುಂಡುಗಳನ್ನು ತೂಗಿ, ಎಸ್ಟರ್ ಹಚ್ಚಿ, ಎರಡು ದಿನ ಬಿಟ್ಟು ಮೈ ಒರೆಸಿ ಮತ್ತೆ ತೂಗುತ್ತ ಹೋದಾಗ ಚದರ ಅಡಿಗೆ ಹತ್ತು ಹನ್ನೆರಡು ಮಿ.ಲೀ. ಸಾಮಾನ್ಯವಾಗಿ ಸರಿಹೊಂದಿತು. ಇಪ್ಪತ್ತು ದಾಟಿದರೆ ಮಧ್ಯಾಹ್ನದ ಬಿಸಿಲಿನಲ್ಲಿ ಚಪ್ಪಲಿಯ ಗುರುತು ಮೂಡುತ್ತದೆ. ಒಂದು ಎಂಜಿನಿಯರಿಂಗ್ ಕಾಲೇಜಿನ ರಸ್ತೆ ಪ್ರಯೋಗಾಲಯದಲ್ಲಿ ಟೊಲ್ವೀನ್ ಎಂಬ ದ್ರಾವಕದಿಂದ ಡಾಂಬರನ್ನು ಕರಗಿಸಿ, ಅದರಲ್ಲಿ ಬೆರೆತಿದ್ದ ಸುಣ್ಣದಕಲ್ಲಿನ ಪುಡಿಯನ್ನು ಬೇರ್ಪಡಿಸಿ, ಸೂಜಿಯ ಪೆನೆಟ್ರೇಶನ್ ಪರೀಕ್ಷೆ (ಸೂಜಿ ಆಳಕ್ಕೆ ಇಳಿದಷ್ಟೂ ಅಂಕಿ ಹೆಚ್ಚು, ಡಾಂಬರು ಮೆದು) ಮಾಡಿಸಿದೆ. ನೆನಪಿನಿಂದ ಹೇಳುವುದಾದರೆ ಹೊಸ ಶಿಂಗಲ್ಸ್‌ನಲ್ಲಿ 18ರ ಆಸುಪಾಸು ಇದ್ದದ್ದು ಹಳೆಯದರಲ್ಲಿ 7-8ಕ್ಕೆ ಇಳಿದಿತ್ತು, ಎಸ್ಟರ್ ಕುಡಿದ ಮೇಲೆ 14ಕ್ಕೆ ಏರಿತು. ಮೃದುಬಿಂದು 95ರ ಸಮೀಪ ನಿಂತಿತು. ಈ ಚೀಟಿಯನ್ನು ನೋಡಿದ ಮೇಲೆ ನನ್ನನ್ನು ನೋಡಿ ನಕ್ಕಿದ್ದ ಹಿರಿಯರು ತಮ್ಮ ಎರಡು ಕೆಲಸಗಳನ್ನು ನನಗೇ ಒಪ್ಪಿಸಿದರು.

ಎಸ್ಟರನ್ನು ನೇರವಾಗಿ ಸಿಂಪಡಿಸಿದರೆ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಬೀಳುತ್ತದೆ. ಆದ್ದರಿಂದ ಒಂದು ಪಾಲು ಎಸ್ಟರಿಗೆ ಎರಡು ಪಾಲಿಗಿಂತ ತುಸು ಹೆಚ್ಚು ನೀರು ಸೇರಿಸಿ ಹಾಲಿನಂತೆ ಬೆರೆತ ಎಮಲ್ಶನ್ ಮಾಡಿ, ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿನಿಂದಲೇ ಹೊಡೆಯುತ್ತೇವೆ. ಎಣ್ಣೆ-ನೀರನ್ನು ಬೆರೆಸುವ ಎಮಲ್ಸಿಫೈಯರ್ ಯಾವುದು, ಎಷ್ಟು ಎಂಬುದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಧಾರವಾಡದ ನೀರಿಗೂ ಗದಗಿನ ಗಡಸು ನೀರಿಗೂ ಒಂದೇ ಅಳತೆ ನಡೆಯುವುದಿಲ್ಲ ಎಂಬ ಸುಳಿವನ್ನಷ್ಟು ಕೊಡಬಲ್ಲೆ. ಪಂಪಿನ ಮಾಮೂಲು ರಬ್ಬರ್ ವಾಷರುಗಳು ಎಸ್ಟರಿಗೆ ಉಬ್ಬಿ ಕೆಲವೇ ದಿನಗಳಲ್ಲಿ ಕೆಡುತ್ತವೆ, ಎಸ್ಟರಿಗೆ ಉಬ್ಬದ ವೈಟಾನ್ ಎಂಬ ರಬ್ಬರಿನ ವಾಷರಿಗೆ ದುಡ್ಡು ಹೆಚ್ಚಾದರೂ ಅದನ್ನೇ ಹಾಕಬೇಕು. ಪಾಚಿ ಇದ್ದರೆ ಮೊದಲು ಬ್ಲೀಚಿಂಗ್ ದ್ರಾವಣದಿಂದ ಸಾಯಿಸಿ ಮೆದು ಬ್ರಷ್ಷಿನಿಂದ ತೊಳೆಯಬೇಕು. ಪ್ರೆಶರ್ ವಾಷರ್ ಹಿಡಿದವನು ಉಳಿದ ಹರಳನ್ನೂ ಕಳೆಯುತ್ತಾನೆ. ಸಂಕ್ರಾಂತಿಯಿಂದ ಹೋಳಿ ಹುಣ್ಣಿಮೆಯವರೆಗಿನ ಬೆಳಗಿನ ಹೊತ್ತು ಈ ಕೆಲಸಕ್ಕೆ ಪ್ರಶಸ್ತ. ಆಮೇಲೆ ಛಾವಣಿ ಕಾದಿರುವುದರಿಂದ ನೀರು ತಕ್ಷಣ ಆವಿಯಾಗಿ ಎಸ್ಟರ್ ಹನಿಹನಿಯಾಗಿ ನಿಲ್ಲುತ್ತದೆ, ಅಡ್ಡಮಳೆಯ ಭಯವೂ ಇರುತ್ತದೆ. ಹೊಂಗೆಯ ಕಮಟು ವಾಸನೆ ನಾಲ್ಕೈದು ದಿನ ಹೋಗುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ನಮ್ಮವರ ಆಕ್ಷೇಪಗಳಲ್ಲಿ ತೂಕವಿದ್ದದ್ದು ಗಾಳಿಯದು. ಶಿಂಗಲ್ಸ್‌ನ ಸಾಲುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟುಪಟ್ಟಿಯೂ ಡಾಂಬರಿನದೇ. ಎಸ್ಟರ್ ಅದನ್ನು ಸಡಿಲಿಸಿದರೆ ಗಾಳಿಗೆ ಅಂಚು ಏಳುತ್ತದೆ. ಅಮೆರಿಕದ ಶಿಂಗಲ್ಸ್ ತಯಾರಕರ ಸಂಘವೂ ಹಳೆಯ ಶಿಂಗಲ್ಸ್ ಮೇಲೆ ಲೇಪ ಹಚ್ಚುವ ಬಗ್ಗೆ ಎಚ್ಚರಿಕೆ ಹೇಳುತ್ತದೆ. ಅದಕ್ಕಾಗಿಯೇ ಗಾಳಿಯಂತ್ರಗಳು ತಿರುಗುವ ಕಪ್ಪತಗುಡ್ಡದ ಬದಿಯ ತೋಟದ ಮನೆಯೊಂದನ್ನು ಆರಿಸಿಕೊಂಡು, ಕೆಳಗಿನಿಂದ ಮೇಲಕ್ಕೆ ಹೊಡೆಯದೆ ಯಾವಾಗಲೂ ನೆತ್ತಿಯಿಂದ ಸೂರಿನ ಕಡೆಗೆ ಹೊಡೆಸಿದೆ. ಹಾಗೆ ಮಾಡಿದರೆ ದ್ರವ ಅಂಚಿನಡಿಗೆ ನುಗ್ಗುವುದಿಲ್ಲ. ಮೊದಲೇ ಬಿಟ್ಟುಕೊಂಡಿದ್ದ ಅಂಚುಗಳಿಗೆ ಡಾಂಬರು ಮ್ಯಾಸ್ಟಿಕ್‌ನ ಬೊಟ್ಟು ಇಟ್ಟು ಒತ್ತಿದೆವು. ಆಷಾಢದ ಗಾಳಿ ಎರಡು ಬಾರಿ ಬಂದು ಹೋಗಿದೆ, ತಕ್ಕಡಿಯ ಕೊಕ್ಕೆ ಹಾಕಿ ಎಳೆದು ನೋಡಿದಾಗ ಹಚ್ಚಿದ ಬದಿಗೂ ಹಚ್ಚದ ಬದಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಈಗ ಗೇರುಬೀಜದ ಸಿಪ್ಪೆಯ ಎಣ್ಣೆಯ ಹಿಂದೆ ಬಿದ್ದಿದ್ದೇನೆ. ಅದರಲ್ಲಿರುವ ಕಾರ್ಡನಾಲ್ ಫೀನಾಲ್ ಜಾತಿಯದು, ಆಕ್ಸಿಡೀಕರಣವನ್ನು ತಡೆಯುವ ಗುಣ ಅದಕ್ಕಿದೆ. ಎಸ್ಟರಿಗೆ ಚೂರು ಸೇರಿಸಿದರೆ ಬಾಳಿಕೆ ಹೆಚ್ಚೀತೆಂಬ ಆಸೆ. ಕಾಯಿಸದ ಎಣ್ಣೆಯನ್ನು ಕೈಗವಸಿಲ್ಲದೆ ಮುಟ್ಟಿದರೆ ಚರ್ಮ ಸುಲಿಯುತ್ತದೆ, ಆದ್ದರಿಂದ ಕೆಲಸಗಾರರ ಕೈಗೆ ಇನ್ನೂ ಕೊಟ್ಟಿಲ್ಲ.

ಹಣದ ಮಾತು. ಇಪ್ಪತ್ತೆರಡು ಚದರದ (ಒಂದು ಚದರವೆಂದರೆ ನೂರು ಚದರ ಅಡಿ) ಛಾವಣಿಗೆ ಹೊಸ ಶಿಂಗಲ್ಸ್ ಹಾಕಿದರೆ ಕಿತ್ತು ಸಾಗಿಸುವ ಕೂಲಿ ಸೇರಿ ಮೂರು ಲಕ್ಷ ಮುಟ್ಟುತ್ತದೆ. ನಾನು ಚದರ ಅಡಿಗೆ ಇಪ್ಪತ್ತು ರೂಪಾಯಿಯಂತೆ ನಲವತ್ತನಾಲ್ಕು ಸಾವಿರ ಕೇಳುತ್ತೇನೆ. ಇದರಲ್ಲಿ ಎಸ್ಟರಿನ ಪಾಲು ಮೂರೂವರೆ ಸಾವಿರವಾದರೆ ಹೆಚ್ಚು. ತೊಳೆಯುವುದು, ಹಗ್ಗ-ಬೆಲ್ಟು, ಏಣಿ, ಕೆಲಸಗಾರರ ವಿಮೆ, ಹಳೆಯ ತುಂಡು ಬದಲಿಸುವುದು ಇವೇ ಹಣ ತಿನ್ನುತ್ತವೆ. ಆದರೂ ಉಳಿಯುವುದು ಸಾಕಷ್ಟಿದೆ ಎಂದು ಹೇಳಲು ಸಂಕೋಚವಿಲ್ಲ. ಐದು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾದೀತು ಎಂದು ಮಾಲೀಕರಿಗೆ ಬರೆದುಕೊಡುತ್ತೇನೆ, ಅದಕ್ಕಿಂತ ಹೆಚ್ಚಿನ ಗ್ಯಾರಂಟಿ ಕೊಡುವುದಿಲ್ಲ.

ಹರಳು ಪೂರ್ತಿ ಉದುರಿ ಗಾಜಿನ ನಾರು ಕಾಣುತ್ತಿರುವ ಛಾವಣಿಗೆ ಇದು ಮದ್ದಲ್ಲ. ಬಿಸಿಲಿಗೆ ತಡೆಯಾಗಿದ್ದ ಹರಳೇ ಇಲ್ಲದ ಮೇಲೆ ಡಾಂಬರು ಎಷ್ಟು ಎಸ್ಟರ್ ಕುಡಿದರೂ ಒಂದೆರಡು ಬೇಸಿಗೆಗೆ ಮತ್ತೆ ಒಣಗುತ್ತದೆ. ಅಂತಹ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಪರೀಕ್ಷೆಗೆ ತುಂಡು ತೆಗೆಯುವವರು ದಕ್ಷಿಣ ಅಥವಾ ಪಶ್ಚಿಮದ ಇಳಿಜಾರಿನಿಂದಲೇ ತೆಗೆಯಬೇಕು, ಉತ್ತರದ ನೆರಳಿನ ತುಂಡನ್ನು ನಂಬಿ ದರ ಹೇಳಬಾರದು.