ಓಣಿಯೊಳಗೆ ತಗ್ಗು ತೋಡುವಾಗ ನಾವು ಅನುಸರಿಸುವ ಕ್ರಮ

ಕಲಬುರಗಿಯಲ್ಲಿ ರಿಂಗ್ ರೋಡಿನ ಆಚೆ, ಸೇಡಂ ರಸ್ತೆ, ಆಳಂದ ರಸ್ತೆ ಬದಿಗೆ ಹೊಸ ಬಡಾವಣೆಗಳು ಬೆಳೆಯುತ್ತಲೇ ಇವೆ. ಇಲ್ಲೆಲ್ಲ ಜನ ಮನೆ ಕಟ್ಟಿ ಇರಲು ಬಂದ ಮೇಲೆ ಒಳಚರಂಡಿ ಬರುತ್ತದೆ, ಅದರ ಹಿಂದೆ ಸಿಸಿ ರಸ್ತೆ. ಹಾಗಾಗಿ ಮಕ್ಕಳು ಆಡುವ ಓಣಿಯಲ್ಲೇ ಜೆಸಿಬಿ ನಿಲ್ಲಿಸಬೇಕಾಗುತ್ತದೆ. ಇಂಥ ಕೆಲಸ ಮಾಡಿಸುವ ನನ್ನ ಖಚಿತ ಅಭಿಪ್ರಾಯ ಇಷ್ಟು: ಯಂತ್ರ ಓಡುವಾಗ ಎಲ್ಲರ ಕಣ್ಣು ಅದರ ಮೇಲಿರುತ್ತದೆ. ಕೆಲಸ ನಿಂತ ಹೊತ್ತೇ ಹೆಚ್ಚು ಅಪಾಯದ್ದು. ರಾತ್ರಿ, ರಜೆ ದಿನ, ಸಾಮಾನು ಬರುವುದು ತಡವಾದ ದಿನ.

ಅದಕ್ಕೇ ಸಂಜೆಯೊಳಗೆ ಮುಚ್ಚಲಾಗದಷ್ಟು ಉದ್ದ ತೋಡಿಸುವುದಿಲ್ಲ. ಪೈಪು, ಉಸುಕು, ಮುರುಮ್ (ಗರಸು ಮಣ್ಣು) ಓಣಿಗೆ ಬಂದು ಬಿದ್ದ ಮೇಲೆಯೇ ಜೆಸಿಬಿಗೆ ಫೋನು. ಒಂದು ಮ್ಯಾನ್‌ಹೋಲ್‌ನಿಂದ ಮುಂದಿನದಕ್ಕೆ ಹೆಚ್ಚೆಂದರೆ 30 ಮೀಟರ್. ಒಂದು ಸಲಕ್ಕೆ ಅಷ್ಟು ಸಾಕು. ನಳದ ಪೈಪು, ಕರೆಂಟಿನ ಕೇಬಲ್ ಹಾದುಹೋದ ಕಡೆ ಮೊದಲು ಸಲಿಕೆ ಗುದ್ದಲಿಯಿಂದಲೇ ತೆಗೆದು ನೋಡುತ್ತೇವೆ, ಜೆಸ್ಕಾಂ ಲೈನ್‌ಮನ್‌ಗೂ ಹೇಳಿರುತ್ತೇವೆ.

ಹಿಂದಿನ ಸಂಜೆ ಮನೆಮನೆಗೆ ಹೋಗುವುದು ತಪ್ಪಬಾರದು. "ಅಕ್ಕಾರ, ನಾಳಿ ಮುಂಜಾನಿ ನಿಮ್ಮ ಮನಿ ಮುಂದ ತೋಡ್ತೀವಿ, ಸಂಜಿಕ ಮುಚ್ತೀವಿ. ಗಾಡಿ ಇವತ್ತೇ ಹೊರಗ ಹಚ್ಚಿಬಿಡ್ರಿ." ಇಷ್ಟು ಹೇಳಿದರೆ ಜನ ಕಾಯುತ್ತಾರೆ. ಯಾವಾಗ ಮುಗಿಯುತ್ತದೋ ಗೊತ್ತಿಲ್ಲದವರೇ ಹಗ್ಗ ದಾಟುವುದು. ತುಂಬು ಬಸುರಿ, ಡಯಾಲಿಸಿಸ್‌ಗೆ ಹೋಗುವವರು ಇರುವ ಮನೆ ಯಾವುದು ಎಂದು ಆಗಲೇ ಕೇಳಿಕೊಂಡು, ಆ ಬಾಗಿಲಿನಿಂದ ಟಂಟಂ ಆಟೋ ನಿಲ್ಲುವ ಜಾಗದವರೆಗೆ ದಾರಿ ಬಿಡುತ್ತೇವೆ.

ನಮ್ಮ ಭಾಗದ ಎರೆ ಮಣ್ಣನ್ನು ನಂಬಲೇಬಾರದು. ಬೇಸಿಗೆಯಲ್ಲಿ ತೋಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಒಳಗೆ ಮಾತ್ರ ಬಿರುಕೇ ಬಿರುಕು. ತಗ್ಗಿನ ಅಂಚಿನಿಂದ ಒಂದೆರಡು ಅಡಿ ಹಿಂದೆ, ಅಂಚಿನ ಗುಂಟ ಸಣ್ಣ ಗೆರೆ ಬಿಟ್ಟಿದ್ದು ಕಂಡರೆ ಒಳಗಿದ್ದವರನ್ನು ಕೂಡಲೇ ಮೇಲೆ ಕರೆಯಬೇಕು. ಆ ಹೋಳು ಇಡಿಯಾಗಿ ಕಳಚುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ಮೀರಿ ತೂಗುತ್ತದೆ. ಎದೆಮಟ್ಟ ಹೂತರೂ ಉಸಿರಾಡಲಾಗುವುದಿಲ್ಲ.

1.5 ಮೀಟರ್ ಅಥವಾ ಹೆಚ್ಚು ಆಳವಿದ್ದರೆ ಬದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಬೇಕು, ಇಲ್ಲವೇ ಹಲಗೆ ಕೊಟ್ಟು ಅಡ್ಡ ಬಲ್ಲಿ (ಕಟ್ಟಿಗೆಯ ಕಂಬ) ಬಿಗಿಯಬೇಕು. ತೆಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. ಇಪ್ಪತ್ತಡಿ ಓಣಿಯಲ್ಲಿ ಆ ಜಾಗ ಸಿಗುವುದಿಲ್ಲ, ಆಗ ಟ್ರ್ಯಾಕ್ಟರ್ ಬಾಡಿಗೆ ಹೋದರೂ ಚಿಂತೆಯಿಲ್ಲ ಎಂದು ಮಣ್ಣು ಹೊರಗೆ ಸಾಗಿಸುತ್ತೇವೆ. ನಿಚ್ಚಣಿಕೆ ತಳದಿಂದ ಎದ್ದು ನೆಲದ ಮೇಲೆ ಮೂರಡಿ ಚಾಚಿರಬೇಕು. ಮಳೆ ಬಿದ್ದರೆ, ಅಂಚು ಪೂರ್ತಿ ನೋಡುವ ತನಕ ಯಾರೂ ಇಳಿಯುವಂತಿಲ್ಲ.

ಮುಚ್ಚಲಾಗದೆ ಉಳಿದ ಕಡೆ ನಾಲ್ಕು ಕಲ್ಲು ಇಟ್ಟು ಹೋಗುವ ರೂಢಿ ಬಿಡಬೇಕು. ಕತ್ತಲಲ್ಲಿ ಬೈಕಿಗೆ ಆ ಕಲ್ಲೇ ಕುತ್ತು. ಖಾಲಿ ಡಾಂಬರ್ ಡ್ರಮ್ಮಿಗೆ ಅರ್ಧ ಉಸುಕು ತುಂಬಿ, ಹೊಳೆಯುವ ಪಟ್ಟಿ ಸುತ್ತಿ, ನಡುವೆ ಅಡ್ಡ ಬಲ್ಲಿ ಕಟ್ಟಿ, ಕೆಂಪು ದೀಪ ಹಚ್ಚುತ್ತೇವೆ. ಬರೀ ರಿಬ್ಬನ್ ಗಾಳಿಗೆ ಹರಿದು ಹೋಗುತ್ತದೆ. ಮನೆ ಬಾಗಿಲಿಗೆ ಹಾಕುವ ಹಲಗೆ ಮೂರಡಿ ಅಗಲ, ಎರಡೂ ಬದಿ ಗಟ್ಟಿ ನೆಲದ ಮೇಲೆ ಎರಡಡಿ ಕೂರಬೇಕು, ಹಿಡಿಯಲು ಕಟಕಟೆ ಇರಬೇಕು. ಸೆಂಟ್ರಿಂಗ್‌ನ ಕಬ್ಬಿಣದ ಶೀಟು ಹಾಕಬೇಡಿ, ಒದ್ದೆಯಾದರೆ ಜಾರುತ್ತದೆ.

ಮುಚ್ಚುವಾಗ ತೆಗೆದ ಎರೆ ಮಣ್ಣನ್ನೇ ಸುರಿದರೆ ಮೊದಲ ಮಳೆಗೆ ಕುಸಿಯುತ್ತದೆ. ಪೈಪಿನ ಸುತ್ತ ಉಸುಕು, ಮೇಲೆ ಮುರುಮ್. ಆರಾರು ಇಂಚಿನ ಪದರು, ಪ್ರತಿ ಪದರಿಗೂ ನೀರು ಹೊಡೆದು ದಮ್ಮಸ್ಸು. ಸಿಸಿ ಹಾಕಿದ ಮೇಲೆ ಮಡಿ ಕಟ್ಟಿ ಕನಿಷ್ಠ 14 ದಿನ ನೀರು ನಿಲ್ಲಿಸುತ್ತೇವೆ. ಮೇಲ್ಭಾಗ ಬೇಗ ಬಿಳಿಚಿ ಗಟ್ಟಿ ಕಾಣುತ್ತದೆ, ಆದರೆ ಏಳು ದಿನಕ್ಕೆ ಬರುವುದು ಸುಮಾರು ಮೂರರಲ್ಲಿ ಎರಡು ಪಾಲು ಬಲ. ನೀರಿನ ಟ್ಯಾಂಕರ್, ಖಡಿಯ ಟಿಪ್ಪರ್ 28 ದಿನ ಒಳಗೆ ಬರಕೂಡದು. ಬಂದರೆ ಮೂಲೆಗಳು ಒಡೆಯುತ್ತವೆ, ಮತ್ತೆ ಅಗೆತ. ರಸ್ತೆ ಬಿಡುವ ತಾರೀಖನ್ನು ಓಣಿಯ ಎರಡೂ ತುದಿಗೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕುತ್ತೇವೆ.

ದುಡ್ಡು ಸಾಲದೆ ಅರ್ಧಕ್ಕೆ ನಿಂತ ಮನೆಗಳ ಸಂಪು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತರುವಂಥದ್ದು. ಮಳೆನೀರು ತುಂಬಿರುತ್ತದೆ, ಬಾಯಿಗೆ ತಗಡು ಮುಚ್ಚಿರುತ್ತಾರೆ. ತಗಡು ತಗ್ಗನ್ನು ಮರೆಮಾಡುತ್ತದೆಯೇ ಹೊರತು ಮಗುವಿನ ಭಾರವನ್ನೂ ತಡೆಯುವುದಿಲ್ಲ. ಎರಡಡಿ ಬಾಯಿಗೆ ಎರಡೂವರೆ ಅಡಿ ಚೌಕದ, ಒಂದೂವರೆ ಇಂಚು ದಪ್ಪದ, ಸೀಳಿಲ್ಲದ ಶಹಾಬಾದ್ ಪರ್ಸಿ (ಹಾಸುಗಲ್ಲು) ಹಾಸಿ. 50 ಕಿಲೋ ಮೀರಿ ತೂಗುವುದರಿಂದ ಮಕ್ಕಳು ಸರಿಸಲಾರರು. ಓಣಿಯಲ್ಲಿ ಅಂಥ ಸಂಪು ಕಂಡರೆ ಮಾಲೀಕರಿಗೆ ಅಂದೇ ಹೇಳಿ, ಅವರು ಊರಲ್ಲಿಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಪರ್ಸಿ ತರಿಸಿ ಮುಚ್ಚಿಬಿಡಿ.